“ಸಾರ್, ಹೆಲ್ಮೆಟ್ ಬಿಟ್ಟು ಆಡ್ಲಾ?”: ಎಂಸಿಸಿ ನಿಯಮ ಸಮಿತಿಗೆ ಒಂದು ಬಹಿರಂಗ ಪತ್ರ

ಕ್ರಿಕೆಟ್ ನಿಯಮಗಳನ್ನು ಬರೆಯುವ, ಲಂಡನ್ನಿನ ಲಾರ್ಡ್ಸ್‌ ಮೈದಾನದಲ್ಲಿರುವ ಎಂಸಿಸಿ ಕ್ಲಬ್ಬಿನ ನಿಯಮ ಸಮಿತಿಯ ಹಿರಿಯರಿಗೆ,

ನಮಸ್ಕಾರ.

ನಾನು ಭದ್ರಾವತಿ ಕಡೆಯವನು. ಶಾಲೆ ಮಕ್ಕಳ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಇಂಗ್ಲಿಷಿನಲ್ಲಿ ಬರೆದ ನಿಯಮವನ್ನು ನಾನು ಹುಡುಗರಿಗೆ ಬಿಡಿಸಿ ಹೇಳುವುದು ಕನ್ನಡದಲ್ಲಿ. “ನಾನ್ಯಾಕೆ ಔಟ್ ಸಾರ್” ಅಂತ ಅವರು ಕೇಳುವುದೂ ಕನ್ನಡದಲ್ಲೇ.

ವಿಷಯ 40ನೇ ನಿಯಮದ್ದು. ಟೈಮ್ಡ್ ಔಟ್, ಅಂದರೆ ಹೊಸ ಬ್ಯಾಟರ್ ಹೊತ್ತಿಗೆ ಸರಿಯಾಗಿ ತಯಾರಾಗದಿದ್ದರೆ ಔಟ್.

ಮೊದಲು ನನ್ನ ಕೈಯಲ್ಲೇ ಆದದ್ದನ್ನು ಹೇಳಿಬಿಡುತ್ತೇನೆ. 2024ರ ಜನವರಿ. ಹದಿನಾಲ್ಕರ ಒಳಗಿನ ಹುಡುಗರ ಮ್ಯಾಚ್. ಮ್ಯಾಟ್ ಹಾಸಿದ ಪಿಚ್, ಬೌಂಡರಿಗೆ ಸುಣ್ಣದ ಗೆರೆ, ಹುಣಸೆ ಮರದ ಕೆಳಗೆ ಎರಡು ಬೆಂಚು. ಬ್ಯಾಟಿಂಗ್ ಮಾಡುತ್ತಿದ್ದ ಶಾಲೆಗೆ ಇದ್ದದ್ದು ಒಂದೇ ಕಿಟ್ ಬ್ಯಾಗ್. ಮೂರು ಜೊತೆ ಪ್ಯಾಡ್, ಎರಡೇ ಹೆಲ್ಮೆಟ್. ಔಟಾದವನು ಹೊರಗೆ ಬಂದು ಹೆಲ್ಮೆಟ್ ಬಿಚ್ಚಿ ಕೊಡಬೇಕು, ಒಳಗೆ ಹೋಗುವವನು ಅದನ್ನೇ ಹಾಕಿಕೊಂಡು ಓಡಬೇಕು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಹೀಗೇ.

ಐದನೇ ವಿಕೆಟ್ ಬಿತ್ತು. ಮುಂದಿನ ಹುಡುಗ ಓಡಿ ಬಂದ. ಸಣ್ಣಗೆ ಇದ್ದ, ಪ್ಯಾಡ್ ತೊಡೆಯವರೆಗೆ ಬರುತ್ತಿತ್ತು. ಕ್ರೀಸ್ ಹತ್ತಿರ ನಿಂತು ಗಲ್ಲದ ಪಟ್ಟಿ ಎಳೆದ. ಪಟ್ಟಿ ಕಿತ್ತು ಕೈಗೇ ಬಂತು. ಹೆಲ್ಮೆಟ್ ಅವನ ತಲೆಗಿಂತ ದೊಡ್ಡದು. ಪಟ್ಟಿ ಇಲ್ಲದಿದ್ದರೆ ಕಣ್ಣಿನ ಮೇಲೆ ಜಾರುತ್ತದೆ. ಒಂದು ಸಲ ಬೌಲರ್ ಕಡೆ ನೋಡಿದ, ಇನ್ನೊಂದು ಸಲ ನನ್ನ ಕಡೆ. ಬೌಲಿಂಗ್ ಮಾಡುತ್ತಿದ್ದವನು ಆ ತಂಡದ ಅತಿ ವೇಗದ ಹುಡುಗ.

“ಸಾರ್, ಹೆಲ್ಮೆಟ್ ಬಿಟ್ಟು ಆಡ್ಲಾ ಸಾರ್?”

“ಬೇಡ ಕಣೋ. ಏನಾದ್ರೂ ತಗೊಂಡು ಕಟ್ಕೋ” ಅಂದೆ.

ಮರದ ಕೆಳಗಿಂದ ಇನ್ನೊಬ್ಬ ಹುಡುಗ ಯಾರದೋ ಚಡ್ಡಿಯ ಲಾಡಿ ಎಳೆದುಕೊಂಡು ಓಡಿ ಬಂದ. ಇಬ್ಬರೂ ಸೇರಿ ಗಂಟು ಹಾಕುತ್ತಿದ್ದರು. ಬೆರಳು ನಡುಗಿ ಗಂಟು ಕೂರುತ್ತಿರಲಿಲ್ಲ. ಆಗ ಕವರ್‌ನಿಂದ ಒಂದು ಕೂಗು. “ಸಾರ್, ಟೈಮ್ಡ್ ಔಟ್! ಮ್ಯಾಥ್ಯೂಸ್ ಥರ ಸಾರ್!” ಅದರ ಹಿಂದೆಯೇ ಎಲ್ಲರೂ ಅಪೀಲ್ ಮಾಡಿದರು. ಎರಡು ತಿಂಗಳ ಹಿಂದೆ ವಿಶ್ವಕಪ್‌ನಲ್ಲಿ ಶ್ರೀಲಂಕಾದ ಮ್ಯಾಥ್ಯೂಸ್ ಹೀಗೆ ಔಟಾದದ್ದನ್ನು ಮೊಬೈಲ್‌ನಲ್ಲಿ ನೋಡಿದ್ದು ಮಕ್ಕಳ ತಲೆಯಲ್ಲಿ ಹಾಗೇ ಕೂತಿತ್ತು.

ಗಡಿಯಾರ ನೋಡಿದೆ. ಮೂರೂವರೆ ನಿಮಿಷ ಆಗಿತ್ತು. ಫೀಲ್ಡಿಂಗ್ ನಾಯಕನನ್ನು ಹತ್ತಿರ ಕರೆದೆ. ಹದಿಮೂರು ವರ್ಷದ ಹುಡುಗ. “ಅಪೀಲ್ ವಾಪಸ್ ತಗೋತೀಯೇನಪ್ಪ?” ಅಂತ ಕೇಳಿದೆ. ಅವನು ಬಾಯಿ ತೆರೆದ, ಆಮೇಲೆ ಬೌಂಡರಿ ಕಡೆ ನೋಡಿದ. ಅಲ್ಲಿ ಅವನ ಕೋಚ್ ನಿಂತಿದ್ದರು. ಬೇಡ ಅಂತ ಕೈ ಆಡಿಸಿದರು. ಹುಡುಗ ನೆಲ ನೋಡುತ್ತಾ “ಇಲ್ಲ ಸಾರ್” ಅಂದ.

ನಾನು ಬೆರಳು ಎತ್ತಿದೆ.

ಸಣ್ಣ ಹುಡುಗ ಲಾಡಿಯನ್ನು ಕೈಯಲ್ಲಿ ಸುತ್ತಿಕೊಂಡೇ ಹೊರಟ. ಒಂದು ಬಾಲೂ ಆಡಲಿಲ್ಲ.

ಅವತ್ತು ಮನೆಗೆ ಬಂದವನೇ ನಿಯಮದ ಪುಸ್ತಕ ತೆಗೆದೆ. 40ನೇ ನಿಯಮದಲ್ಲಿ ಇರುವುದು ಇಷ್ಟು: ವಿಕೆಟ್ ಬಿದ್ದ ಮೇಲೆ ಮೂರು ನಿಮಿಷದೊಳಗೆ ಹೊಸ ಬ್ಯಾಟರ್, ಇಲ್ಲವೇ ಅವನ ಜೊತೆಗಾರ, ಮುಂದಿನ ಬಾಲ್ ಆಡಲು ತಯಾರಿರಬೇಕು. ಇಲ್ಲದಿದ್ದರೆ, ಅಪೀಲ್ ಬಂದರೆ, ಔಟ್. ನಡುವೆ ಅಂಪೈರ್ ‘ಟೈಮ್’ ಕರೆದು ಆಟ ನಿಲ್ಲಿಸಿದ್ದರೆ ಮಾತ್ರ ಇದು ಲೆಕ್ಕಕ್ಕೆ ಬರುವುದಿಲ್ಲ. ಹೆಲ್ಮೆಟ್ ಮುರಿದರೆ ಏನು ಮಾಡಬೇಕು ಅಂತ ಹುಡುಕಿದೆ. ಆ ಮಾತು ಅಲ್ಲಿ ಇಲ್ಲ. ಸರಿ, ನಿಯಮದ ಪ್ರಕಾರವೇ ನಡೆದಿದ್ದೇನೆ ಅಂತ ಸಮಾಧಾನ ಮಾಡಿಕೊಂಡೆ.

ಎಷ್ಟೋ ದಿನದ ಮೇಲೆ, ದೆಹಲಿಯಲ್ಲಿ ಮ್ಯಾಥ್ಯೂಸ್ ಔಟಾದ ಆ ಮ್ಯಾಚ್ ಬಗ್ಗೆ ನೀವು 2023ರ ನವೆಂಬರಿನಲ್ಲಿ ಕೊಟ್ಟಿದ್ದ ವಿವರಣೆ ಕಣ್ಣಿಗೆ ಬಿತ್ತು. ಅದನ್ನು ಓದಿದಾಗ ಎದೆ ಧಸಕ್ ಅಂತು. ಹೆಲ್ಮೆಟ್ ಕೆಟ್ಟದ್ದನ್ನು ಸಮಯದೊಳಗೆ ಅಂಪೈರ್‌ಗಳಿಗೆ ತಿಳಿಸಿದ್ದರೆ, ಬ್ಯಾಟ್ ಮುರಿದಾಗ ಮಾಡುವ ಹಾಗೆ ಅದನ್ನು ಬೇರೆಯದೇ ತಡ ಅಂತ ನೋಡಬಹುದಿತ್ತು, ಬೇಕಿದ್ದರೆ ಟೈಮ್ ಕೂಡ ಕರೆಯಬಹುದಿತ್ತು ಅಂತ ನೀವು ಹೇಳಿದ್ದೀರಿ.

ಅಂದರೆ ನಾನು ಟೈಮ್ ಕರೆಯಬಹುದಿತ್ತು. ಆ ಹುಡುಗ ಮೂರು ನಿಮಿಷದೊಳಗೇ ಬಂದು ನನಗೆ ಪಟ್ಟಿ ತೋರಿಸಿದ್ದ. ಕೇಳಿಯೂ ಇದ್ದ.

ಹಿರಿಯರೇ, ನನ್ನ ತಕರಾರು ಇರುವುದು ಇಲ್ಲೇ. ಅಷ್ಟು ಮುಖ್ಯವಾದ ಮಾತು ಪತ್ರಿಕಾ ಹೇಳಿಕೆಯಲ್ಲಿ ಇದೆ, ನಿಯಮದಲ್ಲಿ ಇಲ್ಲ. ಅದೂ ‘ಬಹುದಿತ್ತು’ ಅಂತ ಇದೆ. ತಾಲೂಕು ಮೈದಾನದಲ್ಲಿ ನಿಂತ ಅಂಪೈರ್ ಜೇಬಿನಲ್ಲಿ ಇಟ್ಟುಕೊಳ್ಳುವುದು ನಿಮ್ಮ ನಿಯಮದ ಪುಸ್ತಕ, ನಿಮ್ಮ ಪತ್ರಿಕಾ ಹೇಳಿಕೆ ಅಲ್ಲ.

ದೆಹಲಿಯ ವಿಷಯಕ್ಕೆ ಬರುತ್ತೇನೆ. 2023ರ ನವೆಂಬರ್ 6, ಅರುಣ್ ಜೇಟ್ಲಿ ಮೈದಾನ, ವಿಶ್ವಕಪ್, ಶ್ರೀಲಂಕಾ–ಬಾಂಗ್ಲಾದೇಶ. ಸದೀರ ಸಮರವಿಕ್ರಮ ಔಟಾದರು. ಏಂಜಲೊ ಮ್ಯಾಥ್ಯೂಸ್ ಒಳಗೆ ಬಂದರು. ಗಾರ್ಡ್ ತೆಗೆದುಕೊಳ್ಳುವ ಮೊದಲೇ ಪಟ್ಟಿ ಕಿತ್ತು ಬಂತು. ಬೇರೆ ಹೆಲ್ಮೆಟ್ ತರಲು ಕೈ ಮಾಡಿದರು. ಅಷ್ಟರಲ್ಲಿ ಬೌಲಿಂಗ್ ಮಾಡುತ್ತಿದ್ದ ಬಾಂಗ್ಲಾದೇಶದ ನಾಯಕ ಶಕೀಬ್ ಅಲ್ ಹಸನ್ ಅಪೀಲ್ ಮಾಡಿದರು. ವಿಶ್ವಕಪ್‌ನಲ್ಲಿ ಮೂರು ನಿಮಿಷ ಅಲ್ಲ, ಎರಡೇ ನಿಮಿಷ. ಅಂಪೈರ್‌ಗಳು ಶಕೀಬ್ ಅವರನ್ನು ಕೇಳಿದರು, ಅವರು ಅಪೀಲ್ ವಾಪಸ್ ತೆಗೆದುಕೊಳ್ಳಲಿಲ್ಲ. ಮ್ಯಾಥ್ಯೂಸ್ ಪಟ್ಟಿ ತೋರಿಸಿ ತೋರಿಸಿ ಬೇಡಿಕೊಂಡರು. ಆಗಲಿಲ್ಲ. ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಟೈಮ್ಡ್ ಔಟ್ ಆದ ಮೊದಲ ಆಟಗಾರ ಅವರು.

ಆ ತೀರ್ಪು ತಪ್ಪು ಅಂತ ನಾನು ಹೇಳುವುದಿಲ್ಲ. ಪಟ್ಟಿ ಕಿತ್ತದ್ದು ಒಂದು ನಿಮಿಷ ಐವತ್ತನಾಲ್ಕು ಸೆಕೆಂಡಿಗೆ, ಆ ಹೊತ್ತಿಗೂ ಅವರು ಬಾಲ್ ಆಡಲು ತಯಾರಿರಲಿಲ್ಲ ಅಂತ ನೀವೇ ಲೆಕ್ಕ ಕೊಟ್ಟಿದ್ದೀರಿ. ಅವರು ನಿಧಾನವಾಗಿ ಬಂದದ್ದೂ ನಿಜ, ಅಂಪೈರ್‌ಗಳಿಗೆ ಮೊದಲು ಹೇಳದೆ ಹೆಲ್ಮೆಟ್‌ಗೆ ಕೈ ಮಾಡಿದ್ದೂ ನಿಜ. ಮ್ಯಾಥ್ಯೂಸ್ ವಿಡಿಯೊ ತೋರಿಸಿ, ನನಗೆ ಇನ್ನೂ ಐದು ಸೆಕೆಂಡ್ ಇತ್ತು ಅಂತ ವಾದಿಸಿದರು. ಐದು ಸೆಕೆಂಡ್ ಇತ್ತೋ ಇಲ್ಲವೋ, ಜಗಳ ಅಲ್ಲಿಗೆ ಬಂದು ನಿಂತದ್ದೇ ನನಗೆ ಬೇಸರ. ಪಟ್ಟಿ ಕಿತ್ತು ಹೋಗಿತ್ತಾ, ಅದನ್ನು ಸರಿ ಮಾಡದೆ ಆಡುವುದು ಅಪಾಯವಾ? ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು. ಅದನ್ನು ಯಾರೂ ಕೇಳುವ ಹಾಗೇ ಇರಲಿಲ್ಲ, ಯಾಕೆಂದರೆ ನಿಯಮದಲ್ಲಿ ಆ ಪ್ರಶ್ನೆಯೇ ಇಲ್ಲ.

ಶಕೀಬ್ ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆಮೇಲೆ ಅವರು, ಯುದ್ಧದಲ್ಲಿ ಇದ್ದ ಹಾಗೆ ಅನ್ನಿಸಿತು ಅಂದರು. ಬಾಂಗ್ಲಾದೇಶ ಆಗಲೇ ಸೆಮಿಫೈನಲ್‌ನಿಂದ ಹೊರಗಾಗಿತ್ತು, ಶ್ರೀಲಂಕಾಕ್ಕೂ ಆಸೆ ಅಷ್ಟಕ್ಕಷ್ಟೇ ಇತ್ತು, ಆದರೆ 2025ರ ಚಾಂಪಿಯನ್ಸ್ ಟ್ರೋಫಿಗೆ ಜಾಗ ಸಿಗಬೇಕಿದ್ದರೆ ಅಂಕಪಟ್ಟಿಯಲ್ಲಿ ಮೊದಲ ಎಂಟರೊಳಗೆ ಇರಬೇಕಿತ್ತು. ಕೊನೆಗೆ ಬಾಂಗ್ಲಾದೇಶ ಎಂಟನೆಯದಾಗಿ ಒಳಗೆ ಹೋಯಿತು, ಶ್ರೀಲಂಕಾ ಒಂಬತ್ತನೆಯದಾಗಿ ಹೊರಗೆ ಉಳಿಯಿತು. ತನ್ನ ದೇಶದ ಆಟ ಅಷ್ಟು ಬಿಗಿಯಾಗಿ ನಿಂತಿರುವಾಗ ನಾಯಕನಿಗೆ “ಒಂದು ವಿಕೆಟ್ ಬಿಟ್ಟುಕೊಡ್ತೀಯಾ” ಅಂತ ಕೇಳುವುದು ಸಣ್ಣ ಮಾತಲ್ಲ. ಕೇಳಲೇಬೇಕಾದ ಮಾತೂ ಅಲ್ಲ. ಹೆಲ್ಮೆಟ್ ಮುರಿದಿದೆಯಾ ಇಲ್ಲವಾ ಅಂತ ನೋಡುವ ಕೆಲಸ ಅಂಪೈರ್‌ದು. ಅದನ್ನು ಎದುರಾಳಿ ನಾಯಕನ ಹೆಗಲಿಗೆ ಹಾಕಿದ್ದು ನಿಯಮ. ಅದರ ಫಲ ಎಲ್ಲರೂ ನೋಡಿದರು. ಮ್ಯಾಚ್ ಮುಗಿದ ಮೇಲೆ ಎರಡು ತಂಡದವರು ಕೈ ಕುಲುಕಲಿಲ್ಲ.

ನಿಮ್ಮ ಮುನ್ನುಡಿಯಲ್ಲಿ ‘ಸ್ಪಿರಿಟ್ ಆಫ್ ಕ್ರಿಕೆಟ್’, ಅಂದರೆ ಆಟದ ಸಜ್ಜನಿಕೆ, ಅಂತ ಬರೆದಿದ್ದೀರಿ. ಆಟ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವ ದೊಡ್ಡ ಹೊಣೆ ನಾಯಕರದು ಅಂತಲೂ ಬರೆದಿದ್ದೀರಿ. ಅದನ್ನು ಓದುವಾಗೆಲ್ಲ ನನಗೆ ನಮ್ಮೂರಿನವರೇ ನೆನಪಾಗುತ್ತಾರೆ. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. 1980ರ ಫೆಬ್ರವರಿ, ಬಾಂಬೆಯ ವಾಂಖೆಡೆ, ಇಂಗ್ಲೆಂಡ್ ಮೇಲೆ ಸುವರ್ಣ ಮಹೋತ್ಸವದ ಟೆಸ್ಟ್. ಭಾರತ 242. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಅವರನ್ನು ಕೀಪರ್ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ಟರು. ನಾಯಕ ವಿಶ್ವನಾಥ್, ನಮ್ಮ ವಿಶಿ, ಸ್ಲಿಪ್‌ನಲ್ಲಿ ನಿಂತಿದ್ದರು. ಬ್ಯಾಟಿಗೆ ತಾಗಿಲ್ಲ ಅಂತ ಅವರಿಗೆ ಗೊತ್ತಿತ್ತು. ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ 43 ಹೊಡೆದರು, ಇಯಾನ್ ಬಾಥಮ್ 114. ಇಬ್ಬರೂ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ನಿಂದ ಸೋತಿತು.

ವಿಶಿ ನಾಯಕರಾಗಿ ಆಡಿದ್ದು ಎರಡೇ ಟೆಸ್ಟ್. ಅದರಲ್ಲಿ ಇದು ಕೊನೆಯದು.

ನಮ್ಮ ಕಡೆ ಈ ಕಥೆ ಹೇಳುವಾಗ ಎದೆ ಉಬ್ಬುತ್ತದೆ. ನಾನೂ ನೂರು ಸಲ ಹೇಳಿದ್ದೇನೆ, ಪ್ರತಿ ಸಲ ಕಣ್ಣು ತೇವ ಆಗುತ್ತದೆ. ಆದರೆ ಲಾಡಿ ಹಿಡಿದುಕೊಂಡು ಹೋದ ಆ ಹುಡುಗನನ್ನು ನೋಡಿದ ಮೇಲೆ ಈ ಕಥೆಯೂ ಬೇರೆ ಥರ ಕಾಣಲು ಶುರು ಆಯಿತು. ವಿಶಿ ತಿದ್ದಿದ್ದು ಅಂಪೈರ್ ತಪ್ಪನ್ನು. ನಿಯಮದ ಪ್ರಕಾರ ಟೇಲರ್ ಔಟೇ ಆಗಿರಲಿಲ್ಲ. ಮ್ಯಾಥ್ಯೂಸ್ ನಿಯಮದ ಪ್ರಕಾರ ಔಟ್. ಶಕೀಬ್ ತಿದ್ದಬೇಕಾಗಿದ್ದದ್ದು ನಿಯಮವನ್ನೇ. ಎರಡೂ ಒಂದೇ ಅಲ್ಲ. ಹದಿಮೂರು ವರ್ಷದ ಹುಡುಗ ಕೋಚ್ ಕಣ್ಣೆದುರು ವಿಶಿ ಆಗಲಿ ಅಂತ ನಾನು ಹೇಗೆ ಕೇಳಲಿ?

ದಕ್ಷಿಣ ಆಫ್ರಿಕಾದ ನಾಯಕ ಗ್ರೇಮ್ ಸ್ಮಿತ್ ಅವರದೂ ಹೀಗೇ ದೊಡ್ಡ ಮನಸ್ಸು. 2007ರ ಜನವರಿ, ಕೇಪ್‌ಟೌನ್. ಭಾರತದ ಎರಡು ವಿಕೆಟ್ ಬೇಗ ಬಿದ್ದವು. ಸಚಿನ್ ಮೈದಾನದಿಂದ ಹೊರಗಿದ್ದ ಸಮಯದ ಲೆಕ್ಕಕ್ಕೆ ಆಗಲೇ ಬ್ಯಾಟ್ ಹಿಡಿಯುವ ಹಾಗಿರಲಿಲ್ಲ. ಲಕ್ಷ್ಮಣ್ ಸ್ನಾನ ಮಾಡುತ್ತಿದ್ದರು. ಗಂಗೂಲಿ ಗಡಿಬಿಡಿಯಲ್ಲಿ ಪ್ಯಾಡ್ ಕಟ್ಟಿಕೊಂಡು ಬರುವಷ್ಟರಲ್ಲಿ ಆರು ನಿಮಿಷ. ಸ್ಮಿತ್ ಅಪೀಲ್ ಮಾಡಲಿಲ್ಲ. ಅವರಿಗೆ ಕೈ ಮುಗಿಯಬೇಕು. ಆದರೆ ನೋಡಿ, ಆರು ನಿಮಿಷ ತಡ ಮಾಡಿದವರು ಆಡಿದರು. ಹೆಲ್ಮೆಟ್ ಪಟ್ಟಿ ಕಿತ್ತವರು ಹೊರಗೆ ಹೋದರು. ಎದುರಿಗಿದ್ದ ನಾಯಕ ಯಾರು ಅನ್ನುವುದರ ಮೇಲೆ ಇಷ್ಟು ವ್ಯತ್ಯಾಸ ಆಗುವುದಾದರೆ ಅದು ಆಟಗಾರನ ಅದೃಷ್ಟ ಆಯಿತು, ನಿಯಮ ಆಗಲಿಲ್ಲ.

ಸ್ಪಿರಿಟ್ ಅನ್ನುವ ಮಾತನ್ನು ಹೀಗೆ ಸಡಿಲ ಬಿಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. 2023ರ ಜುಲೈ 2ರಂದು ಲಾರ್ಡ್ಸ್‌ನಲ್ಲಿ, ಬಾಲ್ ಆಟ ಮುಗಿಯಿತು ಅಂದುಕೊಂಡು ಕ್ರೀಸ್ ಬಿಟ್ಟ ಇಂಗ್ಲೆಂಡಿನ ಜಾನಿ ಬೇರ್‌ಸ್ಟೋ ಅವರನ್ನು ಆಸ್ಟ್ರೇಲಿಯಾದ ಕೀಪರ್ ಅಲೆಕ್ಸ್ ಕೇರಿ ಸ್ಟಂಪ್ ಮಾಡಿದರು. ನಿಯಮದ ಪ್ರಕಾರ ಪಕ್ಕಾ ಔಟ್. ಆದರೂ ಆಟಗಾರರು ಹಾದು ಹೋಗುವ ನಿಮ್ಮ ಲಾಂಗ್ ರೂಮಿನಲ್ಲೇ ನಿಮ್ಮ ಸದಸ್ಯರು ಆಸ್ಟ್ರೇಲಿಯಾದ ಉಸ್ಮಾನ್ ಖವಾಜ, ಡೇವಿಡ್ ವಾರ್ನರ್ ಅವರ ಮೇಲೆ ಕೂಗಾಡಿದರು. ನೀವು ಕ್ಷಮೆ ಕೇಳಬೇಕಾಯಿತು.

ಒಂದು ಕಡೆ ನೀವು ಸರಿಯಾದ ಕೆಲಸ ಮಾಡಿದ್ದೀರಿ, ಅದನ್ನೂ ಹೇಳುತ್ತೇನೆ. ಬೌಲರ್ ಕೈಯಿಂದ ಬಾಲ್ ಹೊರಡುವ ಮೊದಲೇ ನಾನ್ ಸ್ಟ್ರೈಕರ್, ಅಂದರೆ ಬೌಲರ್ ಕಡೆ ನಿಂತ ಬ್ಯಾಟರ್, ಕ್ರೀಸ್ ಬಿಟ್ಟರೆ ರನ್ ಔಟ್ ಮಾಡುವುದು. 1947ರಲ್ಲಿ ವಿನೂ ಮಂಕಡ್ ಸಿಡ್ನಿಯಲ್ಲಿ ಬಿಲ್ ಬ್ರೌನ್ ಅವರನ್ನು ಹಾಗೆ ಔಟ್ ಮಾಡಿದ ಮೇಲೆ ಒಬ್ಬ ದೊಡ್ಡ ಆಟಗಾರನ ಹೆಸರೇ ಬೈಗುಳ ಆಗಿಹೋಯಿತು. ಆ ಔಟ್ ನಿಮ್ಮ ಪುಸ್ತಕದಲ್ಲಿ ಅನ್ಯಾಯದ ಆಟಕ್ಕೆ ಸೇರಿದ 41ನೇ ನಿಯಮದ ಕೆಳಗೆ ಇತ್ತು. 2022ರ ಅಕ್ಟೋಬರ್‌ನಿಂದ ಅದನ್ನು ರನ್ ಔಟ್‌ನ 38ನೇ ನಿಯಮಕ್ಕೆ ತಂದಿರಿ. ಅದಕ್ಕೆ ಒಂದು ವಾರ ಮುಂಚೆ ದೀಪ್ತಿ ಶರ್ಮಾ ನಿಮ್ಮ ಲಾರ್ಡ್ಸ್‌ನಲ್ಲೇ ಚಾರ್ಲಿ ಡೀನ್ ಅವರನ್ನು ಹೀಗೆ ಔಟ್ ಮಾಡಿ ಎಷ್ಟೊಂದು ಮಾತು ಕೇಳಬೇಕಾಯಿತು. ಈಗ ನಮ್ಮ ಹುಡುಗರು ಹಾಗೆ ಔಟ್ ಮಾಡಿದರೆ “ಇದು ರನ್ ಔಟ್, 38ನೇ ನಿಯಮ” ಅಂತ ಧೈರ್ಯವಾಗಿ ಹೇಳುತ್ತೇನೆ. ಯಾರೂ ಜಾಸ್ತಿ ಗಲಾಟೆ ಮಾಡುವುದಿಲ್ಲ. ಬರೆದದ್ದನ್ನು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸರಿಸಿದರೆ ಇಷ್ಟು ಆಗುತ್ತದೆ ಅಂತ ನೀವೇ ತೋರಿಸಿದ್ದೀರಿ. ಆ ಧೈರ್ಯದಿಂದಲೇ ಈ ಪತ್ರ.

ಹೆಲ್ಮೆಟ್ ಬಗ್ಗೆ ನನಗೆ ಯಾಕಿಷ್ಟು ಕಳವಳ ಅಂತ ಕೇಳಬಹುದು. 1998ರ ಫೆಬ್ರವರಿಯಲ್ಲಿ ನಮ್ಮ ದೇಶದ ರಮಣ್ ಲಾಂಬಾ ಢಾಕಾದಲ್ಲಿ ಕ್ಲಬ್ ಮ್ಯಾಚ್ ಆಡುತ್ತಿದ್ದರು. ಶಾರ್ಟ್ ಲೆಗ್‌ಗೆ ಬಂದು ನಿಂತರು. ಹೆಲ್ಮೆಟ್ ಬೇಕಾ ಅಂತ ನಾಯಕ ಕೇಳಿದರು. ಓವರ್‌ನಲ್ಲಿ ಮೂರೇ ಬಾಲ್ ಉಳಿದಿದೆ, ಬೇಡ ಅಂದರು. ಬಾಲ್ ತಲೆಗೆ ಬಡಿಯಿತು. ಮೂರು ದಿನಕ್ಕೆ ತೀರಿಕೊಂಡರು. ಮೂರೇ ಬಾಲ್! ಹೆಲ್ಮೆಟ್ ತರಿಸುವಷ್ಟು ಹೊತ್ತು ಉಳಿಸಲು ಹೋಗಿ. 2014ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲ್ ಹ್ಯೂಸ್ ಸಿಡ್ನಿಯಲ್ಲಿ ಬಾಲ್ ಬಡಿದು ತೀರಿಕೊಂಡರು, ಅದು ಬಡಿದದ್ದು ಹೆಲ್ಮೆಟ್ ಹಾಕಿಕೊಂಡಿದ್ದಾಗಲೇ. ಹಾಕಿಕೊಂಡರೂ ಪೂರ್ತಿ ಕಾಯಲಾಗದ ತಲೆಯನ್ನು ಬಿಟ್ಟು ನಿಲ್ಲು ಅಂತ ಯಾರಾದರೂ ಹೇಳಬಹುದಾ?

2023ರ ಜೂನ್ 1ರಿಂದ ವೇಗದ ಬೌಲರ್‌ಗಳನ್ನು ಎದುರಿಸುವಾಗ ಹೆಲ್ಮೆಟ್ ಕಡ್ಡಾಯ ಅಂತ ಅಂತಾರಾಷ್ಟ್ರೀಯ ಕ್ರಿಕೆಟ್ ನಡೆಸುವ ಐಸಿಸಿ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಹೆಲ್ಮೆಟ್ ಸರಿ ಮಾಡಿಕೊಳ್ಳಲು ಹೋದವರು ಔಟ್ ಆದರು. ಶಕೀಬ್ ಸ್ಪಿನ್ನರ್, ಹಾಗೇ ಆಡಬಹುದಿತ್ತಲ್ಲ ಅಂದವರು ಇದ್ದಾರೆ. ಸ್ಪಿನ್ನರ್‌ಗೂ ಸ್ವೀಪ್ ಹೊಡೆಯುವಾಗ ಬಾಲ್ ಬ್ಯಾಟ್ ಅಂಚಿಗೆ ತಾಗಿ ಮುಖಕ್ಕೆ ಬರುತ್ತದೆ. ಮೈದಾನದಲ್ಲಿ ನಿಂತವರಿಗೆ ಅದು ಗೊತ್ತು. ಮತ್ತೆ ನನ್ನ ಹುಡುಗನ ಎದುರು ಇದ್ದದ್ದು ಸ್ಪಿನ್ನರ್ ಅಲ್ಲ. ಔಟ್ ಆಗುತ್ತೀನೇನೋ ಅನ್ನುವ ಭಯದಲ್ಲಿ ಅವನ ಬಾಯಿಂದ ಮೊದಲು ಬಂದ ಮಾತೇ “ಹೆಲ್ಮೆಟ್ ಬಿಟ್ಟು ಆಡ್ಲಾ” ಅಂತ. ಆ ಮಾತನ್ನು ಅವನ ಬಾಯಿಗೆ ತಂದದ್ದು ಗಡಿಯಾರ.

ನಾನು ಕೇಳುವುದು ಒಂದೇ. ವಿಕೆಟ್ ಬಿದ್ದ ಮೇಲೆ ಕೊಟ್ಟ ಸಮಯದೊಳಗೆ ಪಿಚ್ ಹತ್ತಿರ ಬಂದ ಬ್ಯಾಟರ್‌ನ ತಲೆ, ಮೈ ಕಾಯುವ ಸಾಮಾನು ಕೆಟ್ಟಿದೆ ಅಂತ ಅಂಪೈರ್‌ಗೆ ತೋರಿಸಿದರೆ, ಅಂಪೈರ್ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು, ನಿಜ ಅನ್ನಿಸಿದರೆ ಟೈಮ್ ಕರೆಯಬೇಕು. ‘ಕರೆಯಬಹುದು’ ಅಲ್ಲ, ‘ಕರೆಯಬೇಕು’. ಇದನ್ನು 40ನೇ ನಿಯಮದ ಒಳಗೇ ಬರೆಯಿರಿ. ಮ್ಯಾಥ್ಯೂಸ್ ಹಾಗೆ ಕೊನೆ ಆರು ಸೆಕೆಂಡಿನಲ್ಲಿ ಪಟ್ಟಿ ಕಿತ್ತರೂ ಅನ್ವಯ ಆಗುವ ಹಾಗೆ ಬರೆಯಿರಿ.

ಇದನ್ನೇ ನೆಪ ಮಾಡಿಕೊಂಡು ಬೇಕಂತಲೇ ಪಟ್ಟಿ ಕಿತ್ತು ಕಾಲಹರಣ ಮಾಡಿದರೆ? ಮಾಡುವವರು ಇರುತ್ತಾರೆ. ಅದಕ್ಕೆ ನಿಮ್ಮ ಪುಸ್ತಕದಲ್ಲೇ ದಾರಿ ಇದೆ. ಬ್ಯಾಟರ್ ಸುಮ್ನೆ ಹೊತ್ತು ಕಳೆದರೆ ಒಂದು ಎಚ್ಚರಿಕೆ, ಆಮೇಲೆ ಎದುರಾಳಿಗೆ ಐದು ರನ್. ಅದು ಸಾಲದು ಅನ್ನಿಸಿದರೆ ಜಾಸ್ತಿ ಮಾಡಿ. ಕಿತ್ತ ಪಟ್ಟಿಗೂ ಕಿತ್ತುಕೊಂಡ ಪಟ್ಟಿಗೂ ಇರುವ ವ್ಯತ್ಯಾಸ ಅಂಪೈರ್‌ಗೆ ಗೊತ್ತಾಗುತ್ತದೆ. ಎಲ್‌ಬಿಡಬ್ಲ್ಯು ನಮ್ಮ ಕಣ್ಣಿಗೆ ಬಿಟ್ಟಿದ್ದೀರಿ, ಇದನ್ನೂ ಬಿಡಿ. ನಾವು ತಪ್ಪಿದರೆ ಬೈಯಿರಿ. ಆದರೆ ಮಕ್ಕಳ ಕೈಯಲ್ಲಿ “ವಾಪಸ್ ತಗೋತೀಯಾ” ಅನ್ನುವ ಪ್ರಶ್ನೆ ಇಡಬೇಡಿ.

ಆ ಫೀಲ್ಡಿಂಗ್ ನಾಯಕ ಮ್ಯಾಚ್ ಮುಗಿದ ಮೇಲೆ ನನ್ನ ಹತ್ತಿರ ಬಂದಿದ್ದ. ಅವನ ತಂಡ ಗೆದ್ದಿತ್ತು. “ಸಾರ್, ನಾನು ವಾಪಸ್ ತಗೋಬೇಕಿತ್ತಾ?” ಅಂತ ಕೇಳಿದ. ಏನು ಹೇಳಬೇಕು ಅಂತ ತೋಚಲಿಲ್ಲ. “ನೀನಲ್ಲ ಮಗಾ, ನಾನು ಆಟ ನಿಲ್ಲಿಸಬೇಕಿತ್ತು” ಅಂತ ಈಗಾದರೆ ಹೇಳುತ್ತೇನೆ. ಅವನು ಈಗ ಬೇರೆ ಶಾಲೆಯಲ್ಲಿದ್ದಾನೆ.

ಜೇಬಿನಲ್ಲಿ ಎರಡು ಲಾಡಿ, ಒಂದು ಹೆಲ್ಮೆಟ್ ಪಟ್ಟಿ ಇಟ್ಟುಕೊಂಡೇ ಈಗ ಮೈದಾನಕ್ಕೆ ಇಳಿಯುತ್ತೇನೆ. ಮ್ಯಾಚ್ ಶುರು ಆಗುವ ಮೊದಲು ಎರಡೂ ತಂಡದ ಹೆಲ್ಮೆಟ್ ಎಳೆದು ನೋಡುತ್ತೇನೆ. ಪಟ್ಟಿ ಕಿತ್ತರೆ ಟೈಮ್ ಕರೆಯುತ್ತೇನೆ ಅಂತ ಕೋಚ್‌ಗಳಿಗೆ ಮೊದಲೇ ಹೇಳುತ್ತೇನೆ. ಕಳೆದ ತಿಂಗಳು ಒಬ್ಬರು “ಎಲ್ಲಿ ಬರೆದಿದೆ ಸಾರ್, ತೋರಿಸಿ” ಅಂದರು. ಪುಸ್ತಕ ಕೈಯಲ್ಲೇ ಇತ್ತು, ತೋರಿಸಲು ಸಾಲು ಇರಲಿಲ್ಲ. ಆ ಸಾಲನ್ನು ಬರೆದು ಕೊಡಿ.

ಇತಿ,
ಭದ್ರಾವತಿ ಕಡೆಯ ಒಬ್ಬ ಅಂಪೈರ್